ತೂಗುದೀಪದ ಮನೆಗೆ ಕೊಟ್ಟ ಪವರ್ ಪ್ಯಾಕ್

ಕಳೆದ ತಿಂಗಳು ಶ್ರೀಮಂಗಲದಿಂದ ಕಾವೇರಮ್ಮ ಫೋನ್ ಮಾಡಿದ್ದಳು. ಹತ್ತೊಂಬತ್ತರ ಹುಡುಗಿ, ನನ್ನ ಹಳೆಯ ಗಿರಾಕಿ ಚೆಂಗಪ್ಪನವರ ಮೊಮ್ಮಗಳು. ಆಟ ಆಡುವುದಕ್ಕೆಂದೇ ಒಂದು ಕಂಪ್ಯೂಟರನ್ನು, ಬಿಡಿ ಸಾಮಾನು ತರಿಸಿ, ಮನೆಯಲ್ಲೇ ಜೋಡಿಸುತ್ತಿದ್ದಾಳೆ. ಚಿತ್ರ ಮೂಡಿಸುವ ಕಾರ್ಡು ಯಾವುದು, ಪರದೆ ಎಷ್ಟು ದೊಡ್ಡದು, ಫ್ಯಾನಿಗೆ ಯಾವ ಬಣ್ಣದ ದೀಪ ಎಂದು ತಿಂಗಳುಗಟ್ಟಲೆ ಓದಿ ತೀರ್ಮಾನ ಮಾಡಿದ್ದಾಳೆ.

"ಪವರ್ ಸಪ್ಲೈ ಒಂದು ಬಾಕಿ ಉಂಟು ತಾತ. ಅದು ಯಾವುದಾದ್ರೂ ನಡೀತದಲ್ಲ?" ಎಂದು ಕೇಳಿದಳು.

ಯಾವುದಾದರೂ ನಡೆಯುತ್ತದೆ ಎಂಬ ಮಾತು ಕೇಳಿದರೆ ಈ ವಯಸ್ಸಿನಲ್ಲೂ ನನಗೆ ಮೈ ಉರಿಯುತ್ತದೆ. ಈಗ ಏನು ಹಾಕಿದ್ದೀಯ ಎಂದು ಕೇಳಿದೆ. ಅಂಗಡಿಯವನು ಕಂಪ್ಯೂಟರಿನ ಪೆಟ್ಟಿಗೆಯ ಜೊತೆಗೇ ಕೊಟ್ಟ ಒಂದು ಹಗುರದ್ದು ಇದೆಯಂತೆ. ಪೆಟ್ಟಿಗೆಯ ಮೇಲೆ ಕೈ ಇಟ್ಟರೆ ಸ್ವಲ್ಪ ಜುಮ್ಮೆನ್ನುತ್ತದಂತೆ, ಎಲ್ಲರ ಕಂಪ್ಯೂಟರೂ ಹಾಗೆಯೇ ಎಂದು ಅವಳ ಗೆಳೆಯರು ಹೇಳಿದ್ದಾರಂತೆ. ನಾನು ಬರುವವರೆಗೆ ಪ್ಲಗ್ ಕಿತ್ತಿಡು, ಪುನಃ ಹಾಕಿದರೆ ನಿನ್ನ ಅಪ್ಪನಿಗೆ ಹೇಳುತ್ತೇನೆ ಎಂದು ಗದರಿಸಿ ಫೋನ್ ಇಟ್ಟೆ. ಅವಳಿಗೆ ಬೇಜಾರಾಗಿರಬೇಕು. ಆಗಲಿ. ಅದೇ ಮನೆಯಲ್ಲಿ, ಅದೇ ನಡುಮನೆಯಲ್ಲಿ ನಾನು ಮಾಡಿದ ತಪ್ಪು ಅವಳಿಗೆ ಗೊತ್ತಿಲ್ಲ. ಅವಳಿಗೂ, ಇಂಥ ಕೆಲಸಕ್ಕೆ ಈಗ ಇಳಿಯುತ್ತಿರುವ ಅವಳ ವಾರಗೆಯವರಿಗೂ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ನಾನು ಮಡಿಕೇರಿಯ ಒಂದು ರೇಡಿಯೊ ರಿಪೇರಿ ಅಂಗಡಿಗೆ ಕೆಲಸಕ್ಕೆ ಸೇರಿದೆ. ಭಾಗಮಂಡಲದ ಕಡೆಯ ಗೌಡರ ಹುಡುಗ, ಮೆಟ್ರಿಕ್ ಪಾಸಾದವನು, ಬೆಸುಗೆ ಹಾಕಲು ಬರುತ್ತದೆ ಎಂಬ ಒಂದೇ ಜಂಬ. ಮುಂದೆ ನಾನು ಸ್ವಂತ ಅಂಗಡಿ ಇಟ್ಟದ್ದು, ಬೋರ್ಡಿನ ಮೇಲೆ ನನ್ನ ಹೆಸರು ಬರೆಸಿದ್ದು ಎಲ್ಲ ಇಲ್ಲಿ ಬೇಡ. ಅದರಿಂದ ಯಾರೂ ಏನೂ ಕಲಿಯುವುದಿಲ್ಲ.

ಅಂಗಡಿಯ ಧಣಿ ಹೆಸರಿಗೆ ಮಾತ್ರ. ನಮ್ಮ ನಿಜವಾದ ಮೇಲಧಿಕಾರಿ ಮಂಗಳೂರು ಕಡೆಯ ಅಂತೋಣಿ ಮೇಸ್ತ್ರಿ. ಗಿಡ್ಡ ಆಳು, ನಶ್ಯದ ಚಟ, ಮಾತು ಕಡಿಮೆ. ಬಿಚ್ಚಿಟ್ಟ ರೇಡಿಯೊ ಮುಂದೆ ಕೂತರೆ ಅವರ ಎಡಗೈ ಚಡ್ಡಿಯ ಜೇಬಿನೊಳಗೆ ಹೋಗುತ್ತಿತ್ತು, ಕೆಲಸ ಮುಗಿಯುವವರೆಗೆ ಹೊರಗೆ ಬರುತ್ತಿರಲಿಲ್ಲ. ಎರಡೂ ಕೈ ಹಾಕಿದರೆ ಕರೆಂಟು ಒಂದು ಕೈಯಿಂದ ಇನ್ನೊಂದಕ್ಕೆ ಎದೆಯ ಮೂಲಕ ದಾಟುತ್ತದೆ. ಒಂದೇ ಕೈ ಆದರೆ ಬದುಕುವ ಸಂಭವ ಹೆಚ್ಚು. ಹಾಗೆಯೇ ಸಂಶಯವಿರುವ ಲೋಹವನ್ನು ಅವರು ಬಲಗೈಯ ಹಿಂಭಾಗದಿಂದ ಮಾತ್ರ ಸೋಕುತ್ತಿದ್ದರು. ಅಂಗೈಯಿಂದ ಹಿಡಿದರೆ ಬೆರಳುಗಳು ಮುಚ್ಚಿಕೊಂಡುಬಿಡುತ್ತವೆ, ಆಮೇಲೆ ಬಿಡಬೇಕೆಂದರೂ ಬಿಡಲಾಗುವುದಿಲ್ಲ. ನಾನು ಮರೆತು ಎಡಗೈ ಹೊರಗೆ ತೆಗೆದರೆ ಸ್ಕ್ರೂಡ್ರೈವರಿನ ಹಿಡಿಯಿಂದ ಗೆಣ್ಣಿನ ಮೇಲೆ ಬೀಳುತ್ತಿತ್ತು. ಆ ಎರಡು ಅಭ್ಯಾಸಗಳು ನನ್ನ ಮೈಗೆ ಹತ್ತಿದವು.

ಮೇಸ್ತ್ರಿಗೆ ಪವರ್ ಪ್ಯಾಕಿನದ್ದೇ ಚಿಂತೆ. ಗೋಡೆಯ ಕರೆಂಟನ್ನು ರೇಡಿಯೊಗೆ ಬೇಕಾದ ಹಾಗೆ ಪಳಗಿಸಿ ಕೊಡುವ ಭಾಗ ಅದು. ಜನ ಹಾಡು ಬರುವ ಭಾಗವನ್ನು ಹೊಗಳುತ್ತಾರೆ, ಇದನ್ನು ಯಾರೂ ತಿರುಗಿ ನೋಡುವುದಿಲ್ಲ. ಅವರು ಅದರ ಟ್ರಾನ್ಸ್‌ಫಾರ್ಮರನ್ನು ಅಂಗೈಯಲ್ಲಿಟ್ಟು ತೂಗಿ ನೋಡುತ್ತಿದ್ದರು. ಹಗುರವಾಗಿದ್ದರೆ ಚೀಟಿಯ ಮೇಲೆ ಏನೇ ಬರೆದಿದ್ದರೂ ವಾಪಸ್ಸು.

ನನಗೆ ಅದರ ಬಿಸಿ ಮೊದಲು ಮುಟ್ಟಿದ್ದು ಕುಶಾಲನಗರದಲ್ಲಿ. ಹಾಸನದ ಕಡೆಯಿಂದ ಬಂದು ನೆಲೆಸಿದ್ದ ರಂಗೇಗೌಡ ಎಂಬ ದರ್ಜಿ, ನಾಟಕದ ಹುಚ್ಚಿಗೆ ಮನೆಯಲ್ಲೇ ಒಂದು ಆಂಪ್ಲಿಫೈಯರ್ ಕಟ್ಟಿದ್ದ. ಪವರ್ ಪ್ಯಾಕ್ ನಾನು ಮಾಡಿಕೊಟ್ಟೆ, ಲೆಕ್ಕ ಹಾಕಿ, ಸರಿಯಾಗಿ ಬೇಕಾದಷ್ಟಕ್ಕೇ. ಆ ಸಾಲಿನಲ್ಲೇ ಒಂದು ಅಕ್ಕಿ ಗಿರಣಿ ಇತ್ತು. ಗಿರಣಿ ಶುರುವಾದರೆ ಊರ ಕರೆಂಟು ಸೋತು ಮೈಕಿನಲ್ಲಿ ಭೀಮನ ದನಿ ಮುದುಕಿಯ ದನಿಯಾಗುತ್ತಿತ್ತು. ಅಭ್ಯಾಸದ ದಿನ ಗಿರಣಿ ಒಮ್ಮೆಲೇ ನಿಂತಿತು, ಕರೆಂಟು ಏರಿತು, ನನ್ನ ಪ್ಯಾಕು ಹೊಗೆಯಾಡಿ ರಂಗೇಗೌಡ ಹೊಲಿದಿಟ್ಟಿದ್ದ ದುರ್ಯೋಧನನ ಅಂಗಿಗೆ ಕಿಡಿ ಹಾರಿತು. "ನೀವು ಮಡಿಕೇರಿಯ ಕರೆಂಟಿಗೆ ಲೆಕ್ಕ ಹಾಕಿದ್ರಿ ಸ್ವಾಮಿ, ನಮ್ಮೂರಿನ ಗಿರಣೀನ ಲೆಕ್ಕಕ್ಕೆ ತಗೊಳ್ಲಿಲ್ಲ" ಎಂದ ಆತ. ಬೈಯಲೂ ಇಲ್ಲ. ಬೇಕಾದದ್ದಕ್ಕಿಂತ ಅರ್ಧದಷ್ಟಾದರೂ ಹೆಚ್ಚು ತಾಳುವಂಥದ್ದನ್ನು ಆರಿಸಬೇಕು ಎಂದು ಅವತ್ತು ಕಲಿತೆ. ಪೂರ್ತಿ ಕಲಿತೆ ಎಂದೂ ಅಂದುಕೊಂಡೆ. ತೊಂದರೆ ಆದದ್ದು ಅಲ್ಲೇ.

ಮರುವರ್ಷ ಬೇಸಿಗೆಯಲ್ಲಿ ಚೆಂಗಪ್ಪನವರು ಅಂಗಡಿಗೆ ಬಂದರು. ಸೈನ್ಯದಲ್ಲಿ ವೈರ್‌ಲೆಸ್ ವಿಭಾಗದ ಹವಾಲ್ದಾರರಾಗಿದ್ದು ಪಿಂಚಣಿ ಪಡೆದು ಶ್ರೀಮಂಗಲದ ತೋಟಕ್ಕೆ ಮರಳಿದ್ದರು. ಬೂಟು ಫಳಫಳ, ಮೀಸೆ ಅಳತೆಗೆ ಕತ್ತರಿಸಿದ್ದು. ಒಂದು ರೇಡಿಯೊವನ್ನು ಸ್ವಂತ ಕೈಯಿಂದ ಕಟ್ಟಿದ್ದರು. ಅದರ ಕೆಲಸ ನೋಡಿ ನನಗೆ ನಾಚಿಕೆಯಾಯಿತು, ಅಷ್ಟು ಶುದ್ಧ. ಇಷ್ಟು ದಿನ ಬ್ಯಾಟರಿಯಲ್ಲಿ ನಡೆಸಿದ್ದರು, ಮಳೆಗಾಲದ ತಂಡಿಗೆ ಬ್ಯಾಟರಿಗಳು ಸತ್ತುಹೋಗುತ್ತಿದ್ದವು. ಈಗ ಅವರ ಕಡೆಗೆ ಹೊಸದಾಗಿ ಕರೆಂಟು ಬಂದಿತ್ತು.

"ಉಳಿದದ್ದೆಲ್ಲ ನಾನು ಮಾಡಿಕೊಳ್ತೇನೆ ಪೂವಯ್ಯ. ನಂಬಬಹುದಾದ ಒಂದು ಪವರ್ ಪ್ಯಾಕ್ ಕೊಡಿ. ಹತ್ತು ದಿನದೊಳಗೆ ಬೇಕು, ಹಾಕಿ ಪಂದ್ಯಗಳು ಶುರುವಾಗ್ತವೆ" ಎಂದರು. ಕೊಡಗಿನವರಿಗೆ ಹಾಕಿ ಎಂದರೆ ಏನು ಎಂದು ನಾನು ಹೇಳಬೇಕಾಗಿಲ್ಲ.

ಅಂತೋಣಿ ಮೇಸ್ತ್ರಿ ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದರು. ಮದರಾಸಿನಿಂದ ಬರಬೇಕಾಗಿದ್ದ ಟ್ರಾನ್ಸ್‌ಫಾರ್ಮರುಗಳು ಬಂದಿರಲಿಲ್ಲ. ಬರುವವರೆಗೆ ಕಾಯಿರಿ ಎಂದು ನಾನು ಹೇಳಬೇಕಾಗಿತ್ತು. ಆದರೆ ಅಷ್ಟು ದೊಡ್ಡ ಕೆಲಸಗಾರ ನನ್ನನ್ನು ಹೆಸರು ಹಿಡಿದು ಕೇಳಿದ್ದರಲ್ಲ. ಟ್ರಾನ್ಸ್‌ಫಾರ್ಮರ್ ಇಲ್ಲದೆಯೂ ಪ್ಯಾಕ್ ಮಾಡಬಹುದು. ಗೋಡೆಯ ಕರೆಂಟಿನ ಒಂದು ತಂತಿಯನ್ನೇ ನೇರವಾಗಿ ರೇಡಿಯೊದ ಭಾಗಗಳನ್ನು ಕೂರಿಸುವ ಲೋಹದ ತಟ್ಟೆಗೆ ಕೊಡುವ ಪದ್ಧತಿ ಅದು. ಆ ಕಾಲದಲ್ಲಿ ಹೊರಗಿನಿಂದ ಬರುತ್ತಿದ್ದ ಎಷ್ಟೋ ರೇಡಿಯೊಗಳು ಹಾಗೇ ಇದ್ದವು. ಹಗುರ, ಸುಲಭ. ಒಂದೇ ಎಚ್ಚರಿಕೆ: ಪ್ಲಗ್ಗನ್ನು ಸರಿಯಾದ ಮಗ್ಗುಲಿಗೇ ಹಾಕಬೇಕು. ಎರಡು ಕಡ್ಡಿಯ ಪ್ಲಗ್ಗು ತಿರುಗುಮುರುಗಾದರೆ ರೇಡಿಯೊದ ಒಳಗಿನ ಲೋಹಕ್ಕೆಲ್ಲ ಮನೆಯ ಪೂರ್ತಿ ಕರೆಂಟು ಏರುತ್ತದೆ.

ನಾನು ಪ್ಲಗ್ಗಿನ ಒಂದು ಪಕ್ಕಕ್ಕೆ ಕೆಂಪು ಬಣ್ಣ ಬಳಿದೆ, ಕೆಂಪು ಯಾವಾಗಲೂ ಮೇಲಿರಬೇಕು ಎಂದು ಹೇಳಲು. ಹೊರಗಿನ ಏರಿಯಲ್ ತಂತಿಗೂ ಒಳಗಿನ ಲೋಹಕ್ಕೂ ನಡುವೆ ಒಂದು ಕಂಡೆನ್ಸರ್ ಇಟ್ಟೆ. ಸ್ಟೇಷನ್ನಿನ ಅಲೆಯನ್ನು ಒಳಗೆ ಬಿಟ್ಟು, ಗೋಡೆಯ ಕರೆಂಟು ಹೊರಗೆ ಹೋಗದ ಹಾಗೆ ತಡೆಯುವ ಕಾವಲುಗಾರ ಅದು. ನಾನೇ ಶ್ರೀಮಂಗಲಕ್ಕೆ ಹೋಗಿ ಎಲ್ಲವನ್ನೂ ಜೋಡಿಸಿ, ಹಲಸಿನ ಮರದಿಂದ ಮಾಡಿಗೆ ಏರಿಯಲ್ ಎಳೆದು ಬಂದೆ.

ಚೆಂಗಪ್ಪನವರ ಮನೆಯ ನಡುಮನೆಯಲ್ಲಿ ಎತ್ತರದ ತೊಲೆಯಿಂದ ಹಿತ್ತಾಳೆ ಸರಪಳಿಯಲ್ಲಿ ಒಂದು ತೂಗುದೀಪ ಇಳಿಬಿದ್ದಿತ್ತು. ದಿನಾ ಸಂಜೆ ಅವರ ತಾಯಿ ಮುತ್ತವ್ವ ಕೈಕಾಲು ಮುಖ ತೊಳೆದು, ಎಡಗೈಯಿಂದ ಸರಪಳಿ ಹಿಡಿದು ದೀಪದ ತೂಗಾಟ ನಿಲ್ಲಿಸಿ, ಬಲಗೈಯಿಂದ ಬತ್ತಿ ಹಚ್ಚುತ್ತಿದ್ದರು. ಗುರುಕಾರಣರಿಗೆ, ಅಂದರೆ ಮನೆತನದ ಹಿರಿಯರಿಗೆ ಹಚ್ಚುವ ದೀಪ, ಕರೆಂಟು ಬಂತೆಂದು ಅದು ತಪ್ಪುವಂತಿಲ್ಲ. ನಾನು ರೇಡಿಯೊ ಜೋಡಿಸುವುದನ್ನು ಆ ಮುದುಕಿ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಇದು ಯಾರಿಗಾದರೂ ಹೊಡೆಯುತ್ತದಾ ಎಂದು ಕೇಳಿದರು.

"ಇಲ್ಲ ಅವ್ವ. ನಾನು ಗ್ಯಾರಂಟಿ" ಎಂದೆ.

ಆ ಪದ ನಾನು ಅಂಗಡಿಯಲ್ಲಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. ಅವರು ಮಾತ್ರ ಅದನ್ನು ಹಾಗೆಯೇ ನಂಬಿದರು.

ವಾರ ಕಳೆಯಿತು. ಅಂತೋಣಿ ಮೇಸ್ತ್ರಿ ಊರಿನಿಂದ ಬಂದರು, ಟ್ರಾನ್ಸ್‌ಫಾರ್ಮರುಗಳೂ ಬಂದವು. ಒಂದು ಬೆಳಿಗ್ಗೆ ಅಂಚೆಯಲ್ಲಿ ಚೆಂಗಪ್ಪನವರ ಕಾರ್ಡು ಬಂತು. ಮುತ್ತಿನಂಥ ಅಕ್ಷರ, ಪ್ರತಿ ಸಾಲಿನಲ್ಲೂ ಖುಷಿ. ಗಾಳಿಮಳೆಗೆ ಹಲಸಿನ ಕೊಂಬೆ ಮುರಿದು ಏರಿಯಲ್ ಬಿತ್ತಂತೆ, ಅದೇ ಸಂಜೆ ಕರೆಂಟೂ ಹೋಯಿತಂತೆ. ಸುಮ್ಮನೆ ಕೂರಲಾರದೆ ಅವರು ರೇಡಿಯೊವನ್ನು ಸುಧಾರಿಸಿದ್ದರು. ತೊಲೆಯಿಂದ ಇಳಿದ ದೀಪದ ಸರಪಳಿಗಿಂತ ಒಳ್ಳೆಯ ಏರಿಯಲ್ ಬೇರೆ ಯಾವುದು ಎಂದು ತಂತಿಯನ್ನು ಅದಕ್ಕೇ ಸುತ್ತಿದ್ದರು. ಸರಪಳಿ ಗಿಡ್ಡವಾದ್ದರಿಂದ ಅಲೆಯ ಶಕ್ತಿ ಕಡಿಮೆಯಾಗಬಾರದೆಂದು ನಡುವಿನ ಕಂಡೆನ್ಸರ್ ಕಿತ್ತು ನೇರವಾಗಿ ಬೆಸೆದಿದ್ದರು. ಪ್ಲಗ್ಗಿನ ಹಿತ್ತಾಳೆ ಕಡ್ಡಿಗಳಿಗೆ ಪಾಲಿಶ್ ಹಾಕುವಾಗ ಒರಟಾಗಿ ಮೆತ್ತಿದ್ದ ಕೆಂಪು ಬಣ್ಣವನ್ನೂ ಉಜ್ಜಿ ತೆಗೆದಿದ್ದರು. ಕರೆಂಟು ಬಂದ ಕೂಡಲೇ ತಿಳಿಯಲೆಂದು ರೇಡಿಯೊದ ಸ್ವಿಚ್ ಹಾಕಿಯೇ ಇಟ್ಟಿದ್ದರು.

ಕೆಂಪು ಏಕೆ ಎಂದು ನಾನು ಅವರಿಗೆ ಹೇಳಿದ್ದೆನೇ? ಮೇಲಿರಬೇಕು ಎಂದಿದ್ದೆ. ಇಲ್ಲದಿದ್ದರೆ ಏನಾಗುತ್ತದೆ ಎಂದು ಹೇಳಿರಲಿಲ್ಲ. ಹೇಳಿದ್ದರೆ ಅವರು ಆ ಪ್ಯಾಕನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು.

ಕಾರ್ಡನ್ನು ಎರಡು ಸಲ ಓದಿದೆ. ಮೇಸ್ತ್ರಿ ನನ್ನ ಮುಖ ನೋಡಿ ಕಾರ್ಡು ತೆಗೆದುಕೊಂಡರು. ಓದಿ ಮುಗಿಸಿ, ಪ್ಯಾಕಿನಲ್ಲಿ ಟ್ರಾನ್ಸ್‌ಫಾರ್ಮರ್ ಉಂಟಾ ಎಂದು ಮಾತ್ರ ಕೇಳಿದರು. ಇಲ್ಲ ಎಂದೆ. ಅವರು ನಶ್ಯದ ಡಬ್ಬಿಯನ್ನು ಮುಚ್ಚಿದರು.

"ಬಸ್ಸು ಎಷ್ಟು ಗಂಟೆಗೆ?"

ಶ್ರೀಮಂಗಲದ ಅಂಚೆ ಕಚೇರಿಗೆ ಫೋನ್ ಮಾಡಲು ಹೋದರೆ ಗಾಳಿಗೆ ಆ ಕಡೆಯ ತಂತಿ ಕಂಬಗಳೇ ಬಿದ್ದಿದ್ದವು. ಮಧ್ಯಾಹ್ನದ ಬಸ್ಸು ಹಿಡಿದೆ. ಚೀಲದಲ್ಲಿ ಇಕ್ಕಳ, ಒಂದು ಬಲ್ಬು, ಎರಡು ತಂತಿ ಕಟ್ಟಿದ ಹೋಲ್ಡರು. ವಿರಾಜಪೇಟೆಯವರೆಗೆ ನನ್ನ ತಲೆಯಲ್ಲಿ ಒಂದೇ ಲೆಕ್ಕ: ಪ್ಲಗ್ಗು ಸರಿಯಾದ ಮಗ್ಗುಲಲ್ಲಿ ಇದ್ದರೆ ಏನೂ ಆಗುವುದಿಲ್ಲ, ಇಲ್ಲದಿದ್ದರೆ ದೀಪ ಹಚ್ಚುವ ಹೊತ್ತಿಗೆ ಮುತ್ತವ್ವ ಒದ್ದೆ ಕೈಯಲ್ಲಿ ಆ ಸರಪಳಿ ಹಿಡಿಯುತ್ತಾರೆ. ಎರಡರಲ್ಲಿ ಒಂದು. ಯಾವುದೆಂದು ತಿಳಿಯುವ ದಾರಿ ಇಲ್ಲ.

ಗೋಣಿಕೊಪ್ಪದಲ್ಲಿ ಬಸ್ಸು ಬದಲಿಸಿದೆ. ಕಂಡಕ್ಟರನನ್ನು ಕೇಳಿದರೆ ಆ ಕಡೆ ನಾಲ್ಕು ದಿನದಿಂದ ಕರೆಂಟಿಲ್ಲ ಎಂದು ಸರ್ಕಾರವನ್ನು ಬೈದ. ನನಗೆ ಅವನನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಕರೆಂಟಿಲ್ಲದಿದ್ದರೆ ಸರಪಳಿ ಬರೀ ಸರಪಳಿ. ಬೆಳಿಗ್ಗೆಯಿಂದ ಮೊದಲ ಬಾರಿಗೆ ಉಸಿರು ಪೂರ್ತಿಯಾಗಿ ಎಳೆದುಕೊಂಡೆ.

ಆ ನೆಮ್ಮದಿ ಹುದಿಕೇರಿಯವರೆಗೆ. ಅಲ್ಲಿ ಹೆಗಲಿಗೆ ಹಗ್ಗ ಹಾಕಿಕೊಂಡ ಒಬ್ಬ ಲೈನ್‌ಮನ್ ಬಸ್ಸು ಹತ್ತಿ ನನ್ನ ಪಕ್ಕದಲ್ಲೇ ಕೂತ. ಮೈಯೆಲ್ಲ ಕೆಸರು, ಮುಖದಲ್ಲಿ ಕೆಲಸ ಮುಗಿಸಿದ ಸಂತೋಷ. ಕೊನೆಯ ಕಂಬ ನಿಲ್ಲಿಸಿ ಆಯಿತು, ಕರೆಂಟು ಬಿಡುವವರಿಗೆ ಹೇಳಿ ಕಳಿಸಿದ್ದಾಗಿದೆ, ಕತ್ತಲಾಗುವುದರೊಳಗೆ ಕರೆಂಟು ಬಿಡುತ್ತಾರೆ ಎಂದ. ಸ್ವಲ್ಪ ತಡೆಯಲು ಆಗುತ್ತದಾ, ಒಂದು ಗಂಟೆ ಸಾಕು ಎಂದು ನಾನು ಅಂಗಲಾಚಿದೆ. ಅವನು ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿದ. ನಾಲ್ಕು ದಿನ ಜನರ ಬೈಗುಳ ತಿಂದವನಿಗೆ ಇನ್ನೂ ತಡ ಮಾಡು ಎನ್ನುವವನು ಸಿಕ್ಕಿದ್ದು ಅದೇ ಮೊದಲಿರಬೇಕು. ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ ಎಂದ.

ಮುಂದಿನ ನಿಲ್ದಾಣದಲ್ಲಿ ಬಸ್ಸಿನ ತಲೆಯ ಮೇಲೆ ಯಾವುದೋ ಎಸ್ಟೇಟಿನ ಮೂಟೆಗಳನ್ನು ಏರಿಸಿದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಒಂದೊಂದು ಮೂಟೆಯನ್ನೂ ತಟ್ಟಿ ತಟ್ಟಿ ನೋಡಿದ. ಬೇಗ ಹೊರಡಲಿ ಎಂದು ನಾನು ಕೆಳಗಿಳಿದು ಎರಡು ಮೂಟೆ ನಾನೇ ಎತ್ತಿಕೊಟ್ಟೆ. ಶ್ರೀಮಂಗಲ ತಲುಪುವಾಗ ಸೂರ್ಯ ಬೆಟ್ಟದ ಹಿಂದೆ ಇಳಿದಿದ್ದ. ಅಲ್ಲಿಂದ ಚೆಂಗಪ್ಪನವರ ಮನೆಗೆ ಒಂದೂವರೆ ಮೈಲಿ, ಗದ್ದೆ ದಾಟಿ ತೋಟದೊಳಗೆ ಏರುದಾರಿ. ಓಡಿದೆ.

ಗದ್ದೆಯ ಕೊನೆಯಲ್ಲಿ ಇದ್ದಾಗ ಮೇಲಿನಿಂದ, ಅವರ ಮನೆಯ ದಿಕ್ಕಿನಿಂದಲೇ, ಕೋವಿಯ ಒಂದು ಗುಂಡು ಕೇಳಿತು.

ಕೊಡವರ ಮನೆಗಳಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ. ಸಾವಾದರೆ ಎರಡು, ಒಂದರ ಹಿಂದೆ ಇನ್ನೊಂದು. ಸುತ್ತಲಿನವರಿಗೆ ಅದೇ ಸುದ್ದಿ. ನಾನು ಬದುವಿನ ಮೇಲೆ ನಿಂತುಬಿಟ್ಟೆ. ಎರಡನೆಯದಕ್ಕಾಗಿ ಕಿವಿಗೊಟ್ಟು ನಿಂತೆ. ಕಪ್ಪೆಗಳು ಗುಂಡಿಗೆ ಹೆದರಿ ಸುಮ್ಮನಾಗಿದ್ದವು. ಎಷ್ಟು ಹೊತ್ತು ನಿಂತೆನೋ ತಿಳಿಯದು. ಕಪ್ಪೆಗಳು ಪುನಃ ಕೂಗಲು ಶುರು ಮಾಡಿದವು, ಎರಡನೆಯ ಗುಂಡು ಬರಲಿಲ್ಲ. ಆಮೇಲೆ ನಾನು ಓಡಿದ ಓಟ ಜೀವನದಲ್ಲಿ ಇನ್ನೊಮ್ಮೆ ಓಡಿಲ್ಲ.

ಮನೆಯ ಅಂಗಳದಲ್ಲಿ ಯಾರೂ ಇರಲಿಲ್ಲ. ಪಕ್ಕದ ಮನೆಯಲ್ಲಿ ಹೆರಿಗೆಯಾಗಿತ್ತು, ಚೆಂಗಪ್ಪನವರೂ ಅವರ ಹೆಂಡತಿಯೂ ಅಲ್ಲಿಗೆ ಹೋಗಿದ್ದರು, ಗುಂಡು ಹಾರಿಸಿದ್ದೂ ಅವರೇ ಎಂದು ನನಗೆ ತಿಳಿದದ್ದು ಆಮೇಲೆ. ಮೆಟ್ಟಿಲು ಹಾರಿ ಚಪ್ಪಲಿ ಕಾಲಿನಲ್ಲೇ ಬಾಗಿಲಿಗೆ ಬಂದೆ. ನಡುಮನೆಯಲ್ಲಿ ಮುತ್ತವ್ವ ಒಬ್ಬರೇ ಇದ್ದರು. ನೆಲದ ಮೇಲೆ ಅವರ ಒದ್ದೆ ಹೆಜ್ಜೆಗಳು. ಬಲಗೈಯಲ್ಲಿ ಉರಿಯುವ ಬತ್ತಿ, ಎಡಗೈ ಸರಪಳಿಯಿಂದ ಒಂದು ಗೇಣು ದೂರ.

"ಅವ್ವ, ನಿಲ್ಲಿ. ಸರಪಳಿ ಮುಟ್ಟಬೇಡಿ."

ಅವರು ನಿಂತರು. ನನ್ನ ಮುಖ ನೋಡಿದರು, ಆಮೇಲೆ ನನ್ನ ಕಾಲು ನೋಡಿದರು. ಚಪ್ಪಲಿ ಹಾಕಿಕೊಂಡು ಆ ನಡುಮನೆಗೆ ಕಾಲಿಟ್ಟವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅದನ್ನು ಹೇಳಲು ಬಾಯಿ ತೆರೆದರು. ಆಗಲೇ ಮೂಲೆಯಲ್ಲಿದ್ದ ರೇಡಿಯೊದ ಮುಖದ ಪುಟ್ಟ ದೀಪ ಹಳದಿಯಾಗಿ ಹತ್ತಿಕೊಂಡಿತು. ಕರೆಂಟು ಬಂತು ಎಂದು ಮುತ್ತವ್ವನ ಮುಖ ಅರಳಿತು, ಎಡಗೈ ಎಂದಿನ ಅಭ್ಯಾಸದಿಂದ ಸರಪಳಿಯತ್ತ ಹೋಯಿತು. ನಾನು ಅವರ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದೆ. ಬತ್ತಿ ಕೆಳಗೆ ಬಿತ್ತು, ಅವರು ಗೋಡೆಗೆ ತಾಗಿ ಕೂತುಬಿಟ್ಟರು. ನಾನು ರೇಡಿಯೊದ ವಯರನ್ನು ಹಿಡಿದು ಪ್ಲಗ್ಗು ಕಿತ್ತೆ.

ಮುತ್ತವ್ವ ಕೂಗಾಡಲಿಲ್ಲ. ಬತ್ತಿಯನ್ನು ಸೆರಗಿನಿಂದ ಆರಿಸಿ, ಎಂತಕ್ಕೆ ಹಿಡಿದೆ, ಹೇಳು ಎಂದರು.

ಇಲ್ಲಿ ಒಂದು ಮಾತು ನಿಜ ಹೇಳಬೇಕು. ಸುಳ್ಳು ಹೇಳಿ ತಪ್ಪಿಸಿಕೊಳ್ಳಲು ಮನಸ್ಸಾಯಿತು. ತಂತಿ ಸಡಿಲವಾಗಿತ್ತು ಅವ್ವ, ಸರಿ ಮಾಡುತ್ತೇನೆ ಎಂದರೆ ಮುಗಿಯುತ್ತಿತ್ತು. ಪ್ಲಗ್ಗು ಸರಿಯಾಗಿಯೇ ಇದ್ದಿರಬಹುದು, ನಾನು ಸುಮ್ಮನೆ ಹೆದರಿ ಬಂದಿರಬಹುದು. ಆದರೆ ಅವರ ಮಣಿಕಟ್ಟಿನ ಮೇಲೆ ನನ್ನ ಬೆರಳಿನ ಗುರುತು ಮೂಡಿತ್ತು. ಅಷ್ಟು ಮಾಡಿದ ಮೇಲೆ ಯಾಕೆಂದು ನನಗೂ ತಿಳಿಯಬೇಕಿತ್ತು, ಅವರಿಗೂ ತಿಳಿಯಬೇಕಿತ್ತು.

ಹೋಲ್ಡರಿನ ಒಂದು ತಂತಿಯನ್ನು ಸರಪಳಿಗೆ ಸಿಕ್ಕಿಸಿದೆ. ಇನ್ನೊಂದನ್ನು ಬಾಗಿಲಾಚೆ, ಒದ್ದೆ ಅಂಗಳದಲ್ಲಿ ನೆಟ್ಟಿದ್ದ ಹಾರೆಗೆ ಕಟ್ಟಿದೆ. ಪ್ಲಗ್ಗನ್ನು ಮೊದಲಿದ್ದ ಮಗ್ಗುಲಿಗೇ ಮತ್ತೆ ಚುಚ್ಚಿದೆ. ಬಲ್ಬು ಹತ್ತಿಕೊಂಡಿತು. ಮಂಕಾಗಿ, ಕೆಂಪಗೆ, ಆದರೆ ಹತ್ತಿಕೊಂಡಿತು.

ಆ ಬಲ್ಬು ಇರುವ ಜಾಗದಲ್ಲಿ ನೀವು ಇರುತ್ತಿದ್ದಿರಿ ಎಂದು ನಾನು ಹೇಳಬೇಕಾಗಲಿಲ್ಲ. ಮುತ್ತವ್ವ ಸರಪಳಿಯನ್ನು ನೋಡಿದರು, ತಂತಿಯನ್ನು ನೋಡಿದರು, ತಮ್ಮ ಒದ್ದೆ ಪಾದಗಳನ್ನು ನೋಡಿಕೊಂಡರು.

"ನೀ ಗ್ಯಾರಂಟಿ ಹೇಳಿದ್ದೆ" ಎಂದರು.

ಹೌದು ಎಂದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಆಗ ಚೆಂಗಪ್ಪನವರು ಕೋವಿ ಹೆಗಲಿಗೇರಿಸಿ ನಗುತ್ತಾ ಬಂದರು. ಬಲ್ಬು ಕಂಡಿತು, ನಗು ನಿಂತಿತು. ವೈರ್‌ಲೆಸ್ಸಿನ ಮನುಷ್ಯ, ಒಂದೇ ನೋಟದಲ್ಲಿ ಎಲ್ಲ ಅರ್ಥವಾಯಿತು. ಮೆಟ್ಟಿಲ ಮೇಲೆ ಕೂತರು. ಕಂಡೆನ್ಸರ್ ಕಿತ್ತವನು ನಾನು, ಬಣ್ಣ ಉಜ್ಜಿದವನೂ ನಾನು ಎಂದರು. ಅಂಥ ಪ್ಯಾಕು ಕೊಟ್ಟವನು ನಾನು, ಅದರ ವಿಷಯ ಮುಚ್ಚಿಟ್ಟವನೂ ನಾನು ಎಂದೆ. ಹೀಗೆ ನಾವಿಬ್ಬರೂ ತಪ್ಪನ್ನು ಎಳೆದಾಡುತ್ತಿರುವಾಗ ಮುತ್ತವ್ವ ಎದ್ದರು. ದೀಪದ ಹೊತ್ತು ಮೀರುತ್ತಿದೆ, ಆ ತಂತಿಗಳನ್ನೆಲ್ಲ ತೆಗೆ ಎಂದರು. ಪ್ಲಗ್ಗು ಕಿತ್ತೆ, ಸರಪಳಿಗೆ ಸುತ್ತಿದ್ದ ತಂತಿಯನ್ನು ಬಿಚ್ಚಿ ಸುರುಳಿ ಮಾಡಿ ಚೀಲಕ್ಕೆ ಹಾಕಿದೆ, ಚಪ್ಪಲಿ ಹೊರಗೆ ಬಿಟ್ಟು ಬಂದೆ. ಇನ್ನು ಹಚ್ಚಿ ಅವ್ವ, ಏನೂ ಇಲ್ಲ ಎಂದೆ.

ಅವರು ಹೊಸ ಬತ್ತಿ ಹೊತ್ತಿಸಿಕೊಂಡು ದೀಪದ ಮುಂದೆ ನಿಂತರು. ಕೈ ಚಾಚಲಿಲ್ಲ.

"ಮೊದಲು ನೀ ಮುಟ್ಟು."

ನಾನು ಮುಂದೆ ಬಂದೆ. ಎಡಗೈ ತಾನಾಗಿ ಜೇಬಿಗೆ ಹೋಯಿತು. ಬಲಗೈಯ ಹಿಂಭಾಗದಿಂದ ಸರಪಳಿಯನ್ನು ಸೋಕಿದೆ, ಮೇಸ್ತ್ರಿ ಕಲಿಸಿದ ಹಾಗೆ.

"ಹಾಗಲ್ಲ. ನಾ ಹಿಡಿಯುವ ಹಾಗೆ ಹಿಡಿ."

ತಂತಿ ನನ್ನ ಚೀಲದಲ್ಲಿತ್ತು, ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಆ ಹಿತ್ತಾಳೆಯಲ್ಲಿ ಏನೂ ಇರಲು ಸಾಧ್ಯವಿಲ್ಲ ಎಂದು ನನಗೆ ಗೊತ್ತು. ಆದರೂ ಎಡಗೈಯನ್ನು ಜೇಬಿನಿಂದ ತೆಗೆಯಲು ಎಷ್ಟು ಕಷ್ಟವಾಯಿತೆಂದರೆ ಇವತ್ತಿಗೂ ನೆನಪಿದೆ. ಅಂಗೈ ತೆರೆದು ಸರಪಳಿಯನ್ನು ಪೂರ್ತಿಯಾಗಿ ಹಿಡಿದೆ. ಬರಿಗಾಲು, ಒದ್ದೆ ನೆಲ. ಹಿಡಿದ ರಭಸಕ್ಕೆ ದೀಪ ತೂಗಿತು. ಬಿಗಿಯಾಗಿ ಹಿಡಿ, ಬಿಡಬೇಡ ಎಂದು ಮುತ್ತವ್ವ ಒಂದೊಂದಾಗಿ ಬತ್ತಿಗಳನ್ನು ಹಚ್ಚಿದರು. ಕೊನೆಯದು ಹತ್ತಿದ ಮೇಲೆ ಕೈ ಮುಗಿದು, ಊಟ ಮಾಡಿ ಹೋಗು ಎಂದು ಒಳಗೆ ನಡೆದರು. ಒಂದು ಗದರಿಕೆಯೂ ಇಲ್ಲ. ಗದರಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುದಿನ ರೇಡಿಯೊವನ್ನು ಗೋಣಿಯಲ್ಲಿ ಕಟ್ಟಿ ಮಡಿಕೇರಿಗೆ ತಂದೆ. ಮೇಸ್ತ್ರಿ ನನ್ನ ಪ್ಯಾಕನ್ನು ಬಿಚ್ಚಿ ಮೇಜಿನ ಮೇಲೆ ಹರಡಿದರು. ಬೆಸುಗೆ ಚೆನ್ನಾಗಿದೆ ಎಂದರು, ಅದು ಇನ್ನೂ ಚುಚ್ಚಿತು. ಚೆಂಗಪ್ಪನವರು ಅದನ್ನು ಕಿತ್ತರು, ಇದನ್ನು ಉಜ್ಜಿದರು ಎಂದು ನಾನು ಏನೋ ಹೇಳಲು ಹೋದೆ.

"ಜನ ಕೀಳ್ತಾರೆ ಮಾರಾಯ. ಉಜ್ಜುತ್ತಾರೆ, ಮರೀತಾರೆ, ಉಲ್ಟಾ ಹಾಕ್ತಾರೆ. ಅವರು ಅಷ್ಟೆಲ್ಲ ಮಾಡಿದ ಮೇಲೂ ಯಾರೂ ಸಾಯ್ಲಿಕ್ಕಿಲ್ಲ ಅಂತ ಇದ್ರೆ ಅದು ಒಳ್ಳೆ ಪ್ಯಾಕ್. ಪ್ಲಗ್ಗಿಗೆ ಬಣ್ಣ ಬಳಿದು ಆ ಮುದುಕಿಯ ಜೀವ ಕಾಯ್ಲಿಕ್ಕೆ ಹೊರಟದ್ದಾ ನೀನು?"

ಅವತ್ತು ಅವರೇ ಕೂತು ಹೊಸ ಪ್ಯಾಕ್ ಮಾಡಿದರು. ಗೋಡೆಯ ಕರೆಂಟನ್ನೂ ರೇಡಿಯೊವನ್ನೂ ಪೂರ್ತಿ ಬೇರೆ ಮಾಡುವ ಭಾರದ ಟ್ರಾನ್ಸ್‌ಫಾರ್ಮರ್, ತಪ್ಪಾದರೆ ಮೊದಲು ತಾನು ಸುಟ್ಟುಹೋಗುವ ಫ್ಯೂಸು, ನೆಲಕ್ಕೆ ಹೋಗುವ ಮೂರನೆಯ ತಂತಿ. ಇಬ್ಬರೂ ಶ್ರೀಮಂಗಲಕ್ಕೆ ಹೋದೆವು. ರೇಡಿಯೊ ಹಾಡುತ್ತಿರುವಾಗ ಮುತ್ತವ್ವ ನನ್ನನ್ನು ನೋಡಿದರು, ನಾನು ಎಡಗೈಯಿಂದ ಅದರ ತಟ್ಟೆಯನ್ನು ಹಿಡಿದೆ. ಮೇಸ್ತ್ರಿ ಅದನ್ನು ನೋಡಿ ಮುಖ ಸಿಂಡರಿಸಿದರು. ಹಾಕಿ ಪಂದ್ಯಗಳಲ್ಲಿ ಅರ್ಧ ಮುಗಿದುಹೋಗಿದ್ದವು.

ಅಲ್ಲಿಂದ ಮುಂದೆ ರೇಡಿಯೊದ ಗಾಜಿನ ವಾಲ್ವು ಹೋಗಿ ಟ್ರಾನ್ಸಿಸ್ಟರ್ ಬಂತು, ಟಿವಿ ಬಂತು, ಎರಡು ಸೇರು ತೂಗುತ್ತಿದ್ದ ಟ್ರಾನ್ಸ್‌ಫಾರ್ಮರ್ ಜಾಗಕ್ಕೆ ಅಂಗೈಯಗಲದ ಹೊಸ ಬಗೆಯ ಸಪ್ಲೈ ಬಂತು. ಅಂಗಡಿಯಲ್ಲಿ ಕೂತಿರುವವರೆಗೂ ನಾನು ಒಂದು ಕೆಲಸ ಬಿಡಲಿಲ್ಲ. ಎಲ್ಲ ಪರೀಕ್ಷೆ ಮುಗಿಸಿ, ಖಾತ್ರಿಯಾದ ಮೇಲೆ, ಗಿರಾಕಿಯ ಎದುರಿಗೇ ಬರಿಗಾಲಲ್ಲಿ ನಿಂತು ಅದರ ಲೋಹವನ್ನು ಎಡಗೈಯಿಂದ ಹಿಡಿಯುವುದು. ಇದು ಪಾಠದ ಪುಸ್ತಕದಲ್ಲಿ ಇಲ್ಲ, ನೀವು ಮಾಡಬೇಡಿ. ನಾನು ಮಾಡಿದ್ದು ಯಾಕೆಂದರೆ, ನಾನೇ ಹಿಡಿಯಬೇಕಾಗುತ್ತದೆ ಎಂದು ಗೊತ್ತಿದ್ದರೆ ಕೆಲಸ ಮಾಡುವ ಕೈ ಬೇರೆಯೇ ಆಗಿರುತ್ತದೆ. ಗ್ಯಾರಂಟಿ ಎಂಬ ಪದವನ್ನು ಮಾತ್ರ ಆಮೇಲೆ ಬಾಯಿಂದ ಆಡಲಿಲ್ಲ.

ಫೋನ್ ಬಂದ ಮುಂದಿನ ಭಾನುವಾರ ಕಾವೇರಮ್ಮನ ಮನೆಗೆ ಹೋದೆ. ಆ ಕಂಪ್ಯೂಟರು ನಡುಮನೆಯ ಮೂಲೆಯಲ್ಲಿ, ರೇಡಿಯೊ ಇದ್ದ ಜಾಗದಲ್ಲೇ ಇತ್ತು. ಗಾಜಿನ ಪೆಟ್ಟಿಗೆ, ಒಳಗೆ ನೀಲಿ ದೀಪ, ಎಲ್ಲ ಚೊಕ್ಕಟವಾಗಿ ಕಟ್ಟಿದ ತಂತಿ. ಕೈ ಅಜ್ಜನದ್ದೇ ಎಂದುಕೊಂಡೆ. ಹಗುರದ ಆ ಸಪ್ಲೈಯನ್ನು ಅಂಗೈಯಲ್ಲಿ ತೂಗಿ ನೋಡಿದೆ, ಟೊಳ್ಳು. ಅದರ ಮೂರು ಕಡ್ಡಿಯ ಪ್ಲಗ್ಗು ಗೋಡೆಯ ಎರಡು ತೂತಿಗೆ ಹೋಗದೆ ನಡುವೆ ಒಂದು ಅಡಾಪ್ಟರ್ ಸಿಕ್ಕಿಸಿದ್ದಳು. ನೆಲಕ್ಕೆ ಹೋಗಬೇಕಾದ ಮೂರನೆಯ ಕಡ್ಡಿ ಗಾಳಿಯಲ್ಲಿ ನಿಂತಿತ್ತು. ಜುಮ್ಮೆನ್ನದೆ ಇನ್ನೇನು ಮಾಡುತ್ತದೆ.

ಅವಳ ಮುಖ ಸಪ್ಪಗಾಯಿತು. ಬೈಯಲಿಲ್ಲ ನಾನು. ಆ ಚಿತ್ರದ ಕಾರ್ಡಿಗೂ ಉಳಿದದ್ದಕ್ಕೂ ಸೇರಿ ಎಷ್ಟು ಕರೆಂಟು ಬೇಕು ಎಂದು ಅವಳಿಂದಲೇ ಕೂಡಿಸಿ ಹೇಳಿಸಿದೆ, ಅದರ ಮೇಲೆ ಅರ್ಧ ಸೇರಿಸು ಎಂದೆ. ಕರೆಂಟು ಏರಿದರೆ, ಇಳಿದರೆ, ಒಳಗೆ ತಂತಿ ತಾಗಿದರೆ ತಾನಾಗಿ ಆಫ್ ಆಗುವಂಥದ್ದೇ ಬೇಕು. ಹೆಸರುಳ್ಳವರು ಮಾಡಿದ್ದೇ ಬೇಕು. ದೀಪ ಮಿನುಗುವ ಫ್ಯಾನು ಬೇಕಾದರೆ ಮುಂದಿನ ವರ್ಷ. ಹಿತ್ತಲಲ್ಲಿ ಗುಂಡಿ ತೆಗೆಸಿ, ಇದ್ದಲು ಉಪ್ಪು ತುಂಬಿಸಿ, ಮನೆಗೊಂದು ಸರಿಯಾದ ಅರ್ಥಿಂಗ್ ಹಾಕಿಸಿದೆವು. ಅವಳ ಅಪ್ಪ ಗೊಣಗಿದ, ಆದರೆ ಹಾರೆ ಹಿಡಿದವನೂ ಅವನೇ.

ಹೊಸ ಸಪ್ಲೈ ಬಂದ ದಿನ ಪುನಃ ಹೋದೆ. ಅವಳೇ ಜೋಡಿಸಿದಳು, ನಾನು ಕುರ್ಚಿಯಲ್ಲಿ ಕೂತು ನೋಡಿದೆ. ಟೆಸ್ಟರ್ ಇಟ್ಟು, ಮೀಟರ್ ಇಟ್ಟು ಎಲ್ಲ ಸರಿಯಿದೆ ಎಂದಾಯಿತು. ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ನನ್ನನ್ನು ನೋಡಿದಳು. ನಾನು ಚಪ್ಪಲಿ ಬಾಗಿಲಾಚೆಯೇ ಬಿಟ್ಟಿದ್ದೆ. ಎದ್ದು ಹೋಗಿ, ಎಡಗೈಯನ್ನು ಪೂರ್ತಿ ತೆರೆದು ಪೆಟ್ಟಿಗೆಯ ಲೋಹದ ಅಂಚನ್ನು ಹಿಡಿದೆ.

"ಟೆಸ್ಟರ್ ನೋಡಿ ಆಯ್ತಲ್ಲ ತಾತ. ಕೈ ಎಂತಕ್ಕೆ?"

ನಮ್ಮ ತಲೆಯ ಮೇಲೆ ಆ ತೂಗುದೀಪ ಇನ್ನೂ ಇತ್ತು. ಸರಪಳಿಯಲ್ಲಿ ಎಡಗೈ ಹಿಡಿಯುವ ಜಾಗ ಮಾತ್ರ ಸವೆದು ಹೊಳೆಯುತ್ತಿತ್ತು.

"ನಿಮ್ಮ ಮನೆಯ ಕಟ್ಟಳೆ ಅದು" ಎಂದೆ. "ಈಗ ಸ್ವಿಚ್ ಹಾಕು."